ಸಾರ್ಜೆಂಟನ ಸರದಿ

ದೀಪ ಸ್ವಲ್ಪ ಸಣ್ಣ ಮಾಡಿ. ಇದು ಯಾರೋ ಯಾರಿಗೋ ಹೇಳಿದ ಕತೆಯಲ್ಲ. ನಮ್ಮ ದೊಡ್ಡಮ್ಮನ ಮಗಳು ನಿಮಿಯಾಗೆ ಆದದ್ದು.

ಅವತ್ತು ಪಕ್ಕದ ಬೀದಿಯ ಮುದುಕ ಸತ್ತು ಒಂಬತ್ತನೆಯ ರಾತ್ರಿ. ಪ್ರಾರ್ಥನೆ ಮುಗಿಸಿ ನಿಮಿಯಾ ಹೊರಡುವಾಗ ಹನ್ನೊಂದು ದಾಟಿತ್ತು. ಜನವರಿ ಅಂದರೆ ನಮಗೆ ನಡುಬೇಸಗೆಯ ಸೆಕೆ, ಮೇಲೆ ಉತ್ತರದ ಬಿಸಿಗಾಳಿ. ಆ ಗಾಳಿ ಬೀಸಿದರೆ ನಮ್ಮೂರಲ್ಲಿ ಒಳ್ಳೆಯವರಿಗೂ ತಲೆ ಕೆಡುತ್ತದೆ. ಪ್ರಾರ್ಥನೆಗೆ ಬಂದಿದ್ದ ಲಿಯೊಕಾಡಿಯಾ ಮುದುಕಿಗಂತೂ ಗಾಳಿಯೇ ಬೇಕಿಲ್ಲ. ಬಾಗಿಲಲ್ಲೇ ಮಾತಿನಿಂದ ಚುಚ್ಚಿದಳು.

"ಏನೇ, ನಿಮ್ಮಪ್ಪ ಈಗ್ಲೂ ಕದ ಹಾಕ್ಕೊಂಡೇ ತೆರೆರೆ ಕುಡೀತಾನಾ? ನಾವೇನು ಅವನ ಲೋಟ ನುಂಗ್ತೀವಾ?"

"ಅವರ ಪಾಡಿಗೆ ಕುಡೀಲಿ ಬಿಡಜ್ಜಿ," ಅಂದಳು ನಿಮಿಯಾ. ಮುಖ ಸಣ್ಣದಾಗಿತ್ತು.

ನಮ್ಮ ಪರಾಗ್ವೆಯಲ್ಲಿ ತೆರೆರೆ ಒಬ್ಬರೇ ಕುಡಿಯುವುದಲ್ಲ. ಕೊಂಬಿನ ಲೋಟಕ್ಕೆ ಯೆರ್ಬಾ ಸೊಪ್ಪು ಹಾಕಿ, ಒಬ್ಬ ತಣ್ಣೀರು ಸುರಿದು ಕೊಡುತ್ತಾನೆ. ಒಂದೇ ಲೋಟ, ಒಂದೇ ಕೊಳವೆ, ಸರದಿಯಂತೆ ಎಲ್ಲರೂ ಹೀರಬೇಕು. ಸಾಕಾದವನು 'ಗ್ರಾಸಿಯಾಸ್', ಅಂದರೆ ಥ್ಯಾಂಕ್ಸ್, ಅನ್ನುತ್ತಾನೆ. ಅವನು ಹಾಗನ್ನುವವರೆಗೂ ಪ್ರತಿ ಸುತ್ತಿನಲ್ಲೂ ಅವನಿಗೆ ಕೊಡಲೇಬೇಕು.

ನಿಮಿಯಾಳ ಅಪ್ಪ, ಸಾರ್ಜೆಂಟ್ ಕ್ರಿಸ್ಪುಲೊ ಬೆನೆಗಾಸ್, ಇದನ್ನೆಲ್ಲ ಬಿಟ್ಟು ಇಪ್ಪತ್ತು ವರ್ಷವಾಗಿತ್ತು. ಆದರೂ ಆ ಮುದುಕಿಯೊಬ್ಬಳನ್ನು ಬಿಟ್ಟರೆ ಊರು ಸುಮ್ಮನಿತ್ತು. ಬೊಲಿವಿಯಾದವರ ಜೊತೆ ಚಾಕೋದಲ್ಲಿ ಯುದ್ಧವಾಯಿತಲ್ಲ, ಗುಂಡಿಗಿಂತ ಬಾಯಾರಿಕೆಯೇ ಹೆಚ್ಚು ಜನರನ್ನು ತಿಂದಿತು ಅಂತಾರಲ್ಲ, ಅದರಲ್ಲಿ ಪದಕ ಪಡೆದವರು ಅವರು. ಕಂದಕದಲ್ಲಿದ್ದ ಐವರು ಸತ್ತ ಮೇಲೂ ಒಬ್ಬರೇ ಮಷೀನ್ ಗನ್ ಹಿಡಿದು ಎರಡು ದಿನ ಶತ್ರುವನ್ನು ತಡೆದಿದ್ದರು. ತಾಯಿಯಿಲ್ಲದ ಮಗಳನ್ನು ಬೈಯದೆ ಬೆಳೆಸಿದ್ದರು. ನಿಮಿಯಾಗೆ ಅಪ್ಪ ಅಂದರೆ ಪ್ರಾಣ. ಆಕೆಗೆ ಇದ್ದದ್ದೂ ಅವರೊಬ್ಬರೇ.

ಮನೆ ಹಾದಿಯ ಬಾವಿ ಹತ್ತಿರ ಬಂದಳು. ಮಾವಿನ ಮರದ ಕೆಳಗೆ ಕತ್ತಲೆ...

ಸೊರ್ರ್... ಸೊರ್ರ್...

ನೀರು ಮುಗಿದ ಲೋಟದಲ್ಲಿ ಕೊಳವೆ ಹೀರುವ ಸದ್ದು. ನಮ್ಮಲ್ಲಿ ಕೂಸಿಗೂ ಗೊತ್ತಾಗುವ ಸದ್ದು.

ಐದು ಜನ ಗುಂಡಾಗಿ ಕೂತಿದ್ದರು. ಹರಿದ ಸೈನಿಕರ ಬಟ್ಟೆ. ಬರಿಗಾಲು. ಲೋಟ ಕೈಯಿಂದ ಕೈಗೆ ಹೋಗುತ್ತಿತ್ತು... ಸೊರ್ರ್... ಒಳಗೆ ಏನೂ ಇರಲಿಲ್ಲ.

"ಅಕ್ಕಾ," ಒಬ್ಬ ಪಿಸುಗುಟ್ಟಿದ. "ನೀರು..."

"ಬಾವಿ ಪಕ್ಕದಲ್ಲೇ ಇದೆಯಲ್ಲ. ಸೇದ್ಕೊಳ್ಳಿ."

"ಸುರಿದು ಕೊಡೋರು ಬೇಕಲ್ಲಕ್ಕಾ. ಸಾರ್ಜೆಂಟರು ತರ್ತೀನಿ ಅಂದು ಹೋದ್ರು... ಬರ್ಲೇ ಇಲ್ಲ."

ನಿಮಿಯಾ ಓಡಿದಳು. ಒಂದು ಚಪ್ಪಲಿ ಎಲ್ಲಿ ಬಿತ್ತೋ.

ಅಪ್ಪ ಎಚ್ಚರವಾಗಿಯೇ ಇದ್ದರು. ಆಕೆ ಏದುಸಿರು ಬಿಡುತ್ತ ಹೇಳಿದ್ದನ್ನೆಲ್ಲ ಕೇಳಿ ಒಂದೇ ಮಾತು ಕೇಳಿದರು.

"ಎಷ್ಟು ಜನ?"

"ಐದು."

ಅವರು ಎದ್ದು ಕದ ಹಾಕಿದರು.

"ಕಂದಕದಲ್ಲಿ ಒಂದು ಡಬ್ಬಿ ನೀರು ಉಳಿದಿತ್ತು ಮಗಾ. ಸುರಿದು ಕೊಡೋನು ನಾನು. ಒಂದು ಸುತ್ತು ಕೊಟ್ಟೆ. ಯಾರೂ ಗ್ರಾಸಿಯಾಸ್ ಅನ್ಲಿಲ್ಲ... ಹೇಗಂತಾರೆ? ಇನ್ನಷ್ಟು ತರ್ತೀನಿ ಅಂತ ಸುಳ್ಳು ಹೇಳಿ ಡಬ್ಬಿ ಎತ್ಕೊಂಡು ಪೊದೆ ಹಿಂದೆ ಹೋದೆ. ಉಳಿದದ್ದೆಲ್ಲ ನಾನೇ ಕುಡಿದೆ. ವಾಪಸ್ ಬಂದಾಗ ಬರೀ ಕೊಳವೆ ಹೀರ್ತಾ ಕೂತಿದ್ರು. ಬೆಳಗಾಗೋದ್ರಲ್ಲಿ ಒಬ್ಬೊಬ್ರೇ ಸುಮ್ಮನಾದ್ರು."

"ಮತ್ತೆ ಆ ಎರಡು ದಿನ..."

"ಹೊಡೆದೆ. ಶಕ್ತಿ ಇತ್ತಲ್ಲ ನಂಗೆ."

ಹೊರಗೆ ಚಪ್ಪಾಳೆ ಕೇಳಿಸಿತು. ನಮ್ಮಲ್ಲಿ ಬಂದವರು ಕದ ಬಡಿಯುವುದಿಲ್ಲ, ಬೇಲಿಯ ಹತ್ತಿರ ನಿಂತು ಚಪ್ಪಾಳೆ ತಟ್ಟುತ್ತಾರೆ. ಆದರೆ ಇದು ಅಂಗೈಯ ಸದ್ದಲ್ಲ. ಟಕ್... ಟಕ್... ಒಣಕಟ್ಟಿಗೆಗೆ ಒಣಕಟ್ಟಿಗೆ ತಾಗಿದ ಹಾಗೆ.

"ಹೋಗಿ ಸುರಿದು ಕೊಡಿ ಅಪ್ಪಾ. ನೀರು ತಾನೇ?"

"ಆಗಲ್ಲ ಮಗಾ. ಅವರ ಮುಖ ನೋಡೋಕಾಗಲ್ಲ."

ಟಕ್... ಟಕ್... ಈ ಸಲ ಅಂಗಳದೊಳಗೆ.

ಅಪ್ಪ ಗೋಡೆಯ ಮೂಲೆಗೆ ಸರಿದರು. ನಿಮಿಯಾಗೆ ಹೆದರಿಕೆಗಿಂತ ಅಪ್ಪನ ಮೇಲಿನ ಮರುಕವೇ ಹೆಚ್ಚಾಯಿತು. ಕುಡಿದು ತಣಿದರೆ ಹೋಗುತ್ತಾರೆ, ಅಪ್ಪ ಉಳಿಯುತ್ತಾರೆ ಅಂದುಕೊಂಡಳು. ಹೂಜಿ ಎತ್ತಿಕೊಂಡು ಹೊರಗೆ ಹೋದಳು.

ಐವರೂ ಅಂಗಳದಲ್ಲಿ ಗುಂಡಾಗಿ ಕೂತಿದ್ದರು. ಯಾರೋ ಲೋಟ ಚಾಚಿದರು. ಆಕೆ ಸುರಿದಳು, ಕೊಟ್ಟಳು. ಗುಳ್... ಗುಳ್... ಮತ್ತೆ ಸುರಿದಳು. ಎಷ್ಟು ಸುತ್ತಾಯಿತೋ ಲೆಕ್ಕವಿಲ್ಲ. ಕೊನೆಗೆ ಒಬ್ಬ ಬಾಯಿ ಒರೆಸಿಕೊಂಡು ಮೆಲ್ಲಗೆ ಅಂದ, "ಗ್ರಾಸಿಯಾಸ್." ಆಮೇಲೆ ಇನ್ನೊಬ್ಬ. ಆಮೇಲೆ ಮತ್ತೊಬ್ಬ... ಐದನೆಯವನೂ ಅಂದ. ನಿಮಿಯಾಗೆ ಅಳು ಬಂತು, ಸಮಾಧಾನಕ್ಕೆ.

ಲೋಟದಲ್ಲಿ ಇನ್ನೂ ನೀರಿತ್ತು. ತಿರುಗಿ ನೋಡಿದರೆ ಅಪ್ಪ ಹೊಸ್ತಿಲಲ್ಲಿ ನಿಂತಿದ್ದಾರೆ.

ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೈಯಲ್ಲಿ ಲೋಟವಿದ್ದು ಎದುರಿಗೆ ಮನುಷ್ಯ ನಿಂತರೆ ಕೊಡದೆ ಇರುವ ಕೈ ನಮ್ಮದಲ್ಲ. ಹುಟ್ಟಿದಾಗಿನಿಂದ ಬಂದ ಅಭ್ಯಾಸ. ಏನು, ಎತ್ತ ಅಂತ ಯೋಚಿಸುವ ಮೊದಲೇ ಆಕೆಯ ಕೈ ಚಾಚಿತ್ತು.

"ತಗೊಳ್ಳಿ ಅಪ್ಪಾ."

ಅವರ ಕೈಯೂ ಹಾಗೇ ಚಾಚಿತು. ಸತ್ತ ಐವರ ಸರದಿ ಮುಗಿದು ಅದೇ ಲೋಟ ಅವರಿಗೆ ಬಂದಿತ್ತು. ಒಂದೇ ಉಸಿರಿಗೆ ಹೀರಿದರು. ಲೋಟ ವಾಪಸ್ ಕೊಟ್ಟರು.

"ಇನ್ನೊಂದು," ಅಂದರು.

ಅಂಗಳ ಖಾಲಿಯಾಗಿತ್ತು.

"ಇನ್ನೊಂದು ಮಗಾ... ಗಂಟಲು ಒಣಗ್ತಿದೆ."

ಹೂಜಿ ಮುಗಿಯಿತು. ಬಾವಿಯಿಂದ ಸೇದಿದಳು. ಬಿಂದಿಗೆಯ ಮೇಲೆ ಬಿಂದಿಗೆ. ಮಾರನೆಯ ದಿನ ನಾನೂ ಹೋದೆ, ಸೇದಿ ಸೇದಿ ನನ್ನ ಅಂಗೈಯೂ ಬೊಬ್ಬೆ ಎದ್ದಿತು. ದೊಡ್ಡಪ್ಪ ಕುಡಿದರು, ಕುಡಿದರು. ಹೊಟ್ಟೆ ಉಬ್ಬಲಿಲ್ಲ. ಬೆವರಲಿಲ್ಲ. ತುಟಿ ಸೀಳಿತು, ನಾಲಿಗೆ ಕಪ್ಪಾಯಿತು. "ಗ್ರಾಸಿಯಾಸ್ ಅನ್ನಿ ಅಪ್ಪಾ, ಒಂದೇ ಒಂದು ಸಲ ಅನ್ನಿ," ಅಂತ ನಿಮಿಯಾ ಕಾಲು ಹಿಡಿದು ಅತ್ತಳು. ಅವರು ಬಾಯಿ ತೆರೆದರು. "ಇನ್ನೊಂದು," ಅಂದರು.

ಮೂರನೆಯ ದಿನ ಮಧ್ಯಾಹ್ನ ತೀರಿಹೋದರು. ಪೇಟೆಯಿಂದ ಬಂದ ಡಾಕ್ಟರು ತುಂಬಿದ ಬಿಂದಿಗೆ ನೋಡಿದರು, ಹೆಣ ನೋಡಿದರು, ನಿಮಿಯಾಳ ಮುಖ ನೋಡಿದರು. ಕಾಗದದಲ್ಲಿ ಬರೆದದ್ದು, ನೀರಿಲ್ಲದೆ ಸಾವು.

ಸೈನ್ಯದಿಂದ ಪೆಟ್ಟಿಗೆ ಹೊರಲು ಆರು ಜನ ಗಟ್ಟಿಮುಟ್ಟಾದವರು ಬಂದಿದ್ದರು. ಎತ್ತಿದ ಕೂಡಲೇ ಮುಖ ಮುಖ ನೋಡಿಕೊಂಡು ಕೆಳಗಿಟ್ಟುಬಿಟ್ಟರು. ಮತ್ತೆ ಮುಟ್ಟಲಿಲ್ಲ. ಸ್ಮಶಾನದವರೆಗೂ ನಿಮಿಯಾ ಒಂದು ತುದಿ ಹಿಡಿದಳು, ನಾನೊಂದು ತುದಿ. ನಡುವೆ ಒಂದು ಸಲವೂ ಇಳಿಸಲಿಲ್ಲ, ಕೈ ಬದಲಾಯಿಸಲಿಲ್ಲ. ನನಗಾಗ ಹತ್ತೊಂಬತ್ತು. ನಂಬಿದರೆ ನಂಬಿ, ಬಿಟ್ಟರೆ ಬಿಡಿ... ಒಳಗೆ ಯಾರೂ ಇಲ್ಲದಷ್ಟು ಹಗುರವಿತ್ತು.