ಹುಣ್ಣಿಮೆಯ ದಿನದ ಡೈವಿಂಗ್ ಪ್ರವಾಸದ ಬಗ್ಗೆ ತ್ಸಾಯ್ ಯುವೆ-ಶ್ಯಾ ಕೊಟ್ಟ ಹೇಳಿಕೆ

ತ್ಸಾಯ್ ಯುವೆ-ಶ್ಯಾ, ವಯಸ್ಸು 54 ವರ್ಷ, ಬೆಳಗಿನ ತಿಂಡಿ ಅಂಗಡಿ ವ್ಯಾಪಾರ, ವಾಸ: ಮೀನು ಮಾರುಕಟ್ಟೆ ಹಿಂದಿನ ಓಣಿ, ಚಿಯೆನ್‌ಚೆನ್ ಬಡಾವಣೆ, ಕಾವ್‌ಶ್ಯುಂಗ್ ನಗರ. ಈ ಮೂಲಕ ತಿಳಿಸುವುದೇನೆಂದರೆ,

ನಾನು ಮೇಲ್ಕಂಡ ವಿಳಾಸದಲ್ಲಿ ನನ್ನ ಅತ್ತೆ ಮತ್ತು ಮಗಳು ಪೇ-ಶಾನ್ ಜೊತೆ ವಾಸವಾಗಿರುತ್ತೇನೆ. ನನ್ನ ಗಂಡ ಹುಂಗ್ ಮಿಂಗ್-ತ್ಸುನ್ ಒಂಬತ್ತು ವರ್ಷದ ಹಿಂದೆ ಕೆಂಟಿಂಗ್ ಕಡಲಲ್ಲಿ ಸ್ಕೂಬಾ ಡೈವಿಂಗ್ ಮಾಡುವಾಗ ತೀರಿಕೊಂಡರು. ನನ್ನ ಮೈದುನ ಮಿಂಗ್-ಫಾ ಕೆಂಟಿಂಗ್‌ನಲ್ಲೇ ಇದ್ದು ಪ್ರವಾಸಿಗರಿಗೆ ಡೈವಿಂಗ್ ಮಾಡಿಸುತ್ತಾನೆ. ಮಗಳಿಗೆ ಗಾವ್ ಯೂ-ಛಂಗ್ ಎಂಬುವನೊಂದಿಗೆ ಮದುವೆ ಗೊತ್ತಾಗಿದೆ. ಅವನು ಬೆಟ್ಟದ ಕಡೆಯವನು, ಲಿಫ್ಟ್ ರಿಪೇರಿ ಕೆಲಸ, ಈಜು ಬಾರದು. ಒಳ್ಳೆಯ ಹುಡುಗ, ಇದನ್ನೂ ಬರೆದುಕೊಳ್ಳಬೇಕು.

ಹೀಗಿರುವಲ್ಲಿ, ಹೋದ ತಿಂಗಳ 17ನೇ ತಾರೀಕು ಭಾನುವಾರ ಊಟಕ್ಕೆ ಕುಳಿತಾಗ ಅತ್ತೆಯವರು, ಮದುವೆಗೆ ಮುಂಚೆ ಎಲ್ಲರೂ ಕೆಂಟಿಂಗ್‌ಗೆ ಹೋಗಿ ಬರೋಣ ಎಂದರು. ಗಂಡ ಹೋದ ಮೇಲೆ ನಮ್ಮ ಮನೆಯಲ್ಲಿ ಆ ಊರಿನ ಹೆಸರನ್ನು ಯಾರೂ ಎತ್ತಿದ್ದಿಲ್ಲ. "ಮೊಮ್ಮಗಳ ಗಂಡ ಆಗೋನು ಕಡಲು ನೋಡ್ಬೇಡ್ವಾ? ಮಿಂಗ್-ಫಾ ಇದ್ದಾನೆ, ನೀರಿಗಿಳಿಸ್ತಾನೆ" ಎಂದು ಹೇಳಿದರು. ಮುದುಕಿಯ ಮನಸ್ಸು ಕೊನೆಗೂ ಹಗುರಾಯಿತೆಂದು ನನಗೆ ಸಂತೋಷವಾಯಿತು. ಯಾವಾಗ ಎಂದು ಕೇಳಿದ್ದಕ್ಕೆ, ಚಾಂದ್ರಮಾನದ ಏಳನೇ ತಿಂಗಳ ಹುಣ್ಣಿಮೆ ಎಂದರು.

ಸತ್ತವರು ಹೊರಗೆ ತಿರುಗುವ ತಿಂಗಳು ಅದು. ಆ ತಿಂಗಳಲ್ಲಿ ಅತ್ತೆ ನನ್ನ ಮಗಳನ್ನು ಈಜುಕೊಳಕ್ಕೂ ಕಳಿಸಿದವರಲ್ಲ. ಕತ್ತಲಾದ ಮೇಲೆ ಬಟ್ಟೆ ಹೊರಗಿದ್ದರೆ ನನಗೆ ಬೈಗುಳ ತಪ್ಪಿದ್ದಲ್ಲ. "ಆ ತಿಂಗಳು ಯಾರಾದ್ರೂ ನೀರಿಗಿಳೀತಾರಾ ಅತ್ತೆ?" ಎಂದು ಕೇಳಿದೆ. "ಆಗ ಹೋಟೆಲು ಅಗ್ಗ ಕಣೇ" ಎಂದರು. ಯೂ-ಛಂಗ್ ನಕ್ಕು, "ಅಜ್ಜಿ ಲೆಕ್ಕ ಪಕ್ಕಾ ಆಂಟಿ. ನಾನು ಮುಳುಗಿದ್ರೆ ಮದುವೆ ಖರ್ಚೂ ಉಳಿಯುತ್ತೆ" ಎಂದು ತಮಾಷೆ ಮಾಡಿದನು. ಅತ್ತೆ ನಗಲಿಲ್ಲ. ಅವನ ಬಟ್ಟಲಿಗೆ ಇನ್ನೊಂದು ತುಂಡು ಮೀನು ಹಾಕಿದರು.

ಈ ತಿಂಗಳ 2ರಂದು ಮಧ್ಯಾಹ್ನ 2 ಗಂಟೆಗೆ ಅಂಗಡಿ ಮುಚ್ಚಿ ಮನೆಗೆ ಬಂದಾಗ, ಅತ್ತೆಯವರು ನನ್ನ ಗಂಡನ ಹಳೆಯ ಡೈವಿಂಗ್ ಉಡುಪಿನ ಕಾಲು ಕತ್ತರಿಸಿ ಚಿಕ್ಕದು ಮಾಡುತ್ತಿದ್ದರು. ಯೂ-ಛಂಗ್ ನನ್ನ ಗಂಡನಿಗಿಂತ ನಾಲ್ಕು ಬೆರಳು ಗಿಡ್ಡ. ನಾನು ಬೇರೆ ಮಾತು ತೆಗೆದು, ಹುಣ್ಣಿಮೆಗೆ ಗಂಡನ ಹೆಸರಲ್ಲಿ ಎಡೆಯಿಡಲು ಬಾತುಕೋಳಿ ಹೇಳಿಡಲೇ ಎಂದೆ. "ಈ ಸಲ ಬೇಡ. ಅವನು ಅಲ್ಲಿಂದ ಹೊರಟುಬಿಡ್ತಾನೆ" ಎಂದರು. ನೀರಲ್ಲಿ ಸತ್ತವರು, ಅದೇ ಜಾಗದಲ್ಲಿ ಇನ್ನೊಂದು ಜೀವ ಬದಲಿಗೆ ಸಿಗುವವರೆಗೆ ಅಲ್ಲೇ ಕಾಯಬೇಕೆಂಬುದು ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು.

ಮಾರನೇ ದಿನ ಬಸ್ಸಿನಲ್ಲಿ ಕೆಂಟಿಂಗ್‌ಗೆ ಹೋದೆ. ಮಿಂಗ್-ಫಾ ಗಾಳಿ ಸಿಲಿಂಡರುಗಳನ್ನು ತೊಳೆಯುತ್ತಿದ್ದನು. ಯೂ-ಛಂಗ್‌ನನ್ನು ಎಲ್ಲಿ ಇಳಿಸುತ್ತೀ ಎಂದು ಕೇಳಿದ್ದಕ್ಕೆ, ಅಣ್ಣ ಹೋದ ಬಂಡೆಯ ಹತ್ತಿರ ಎಂದನು. "ಅವನನ್ನ ಏನು ಮಾಡ್ಬೇಕು ಅಂತಿದ್ದೀಯ?" ಎಂದೆ. "ನಾನು ಕೈ ಕೂಡ ಮುಟ್ಟಲ್ಲ ಅತ್ತಿಗೆ. ಕರ್ಕೊಂಡು ಇಳೀತೀನಿ, ಅಷ್ಟೆ. ಅಣ್ಣ ಅವನ ಕೈ ಹಿಡಿದ್ರೆ ಬಿಡಿಸೋಕೆ ಹೋಗಲ್ಲ" ಎಂದು ನೆಲ ನೋಡಿಕೊಂಡು ಹೇಳಿದನು. ನಾನು ಬೈದೆ. ಆಗ ಅವನು, "ಅವತ್ತು ಗಾಳಿ ಮುಗಿದಿದ್ದು ನಂದು. ತನ್ನ ಗಾಳಿ ಕೊಟ್ಟು ನನ್ನನ್ನ ಮೇಲಕ್ಕೆ ತಳ್ಳಿದ. ಅಮ್ಮ ಒಂಬತ್ತು ವರ್ಷದಿಂದ ನನ್ನ ಮುಖ ನೋಡಿ ಮಾತಾಡಿರಲಿಲ್ಲ, ಹೋದ ತಿಂಗಳು ಮಾತಾಡಿದ್ಲು" ಎಂದು ಅತ್ತನು.

ಅದೇ ಸಂಜೆ ಯೂ-ಛಂಗ್‌ಗೆ ಎಲ್ಲವನ್ನೂ ಬಿಡಿಸಿ ಹೇಳಿ, ಹೋಗಬೇಡವೆಂದು ಕೈಮುಗಿದೆ. "ಅಜ್ಜಿ ಈ ವಯಸ್ಸಲ್ಲಿ ಕೂತು ಉಡುಪು ಹೊಲೀತಿದ್ದಾರೆ, ಬರಲ್ಲ ಅಂತ ಹೇಗನ್ಲಿ ಆಂಟಿ? ದೆವ್ವ ಬಂದ್ರೂ ಮಾವನೇ ತಾನೆ, ನಮಸ್ಕಾರ ಅಂತೀನಿ" ಎಂದನು. ಮಗಳು, ನನಗೆ ಈ ಮದುವೆ ಇಷ್ಟವಿಲ್ಲವೆಂದು ತಪ್ಪು ತಿಳಿದು ನನ್ನ ಜೊತೆ ಮಾತು ಬಿಟ್ಟಿದ್ದಾಳೆ.

ಪ್ರವಾಸ ನಾಡಿದ್ದು ಹೊರಡುವುದೆಂದು ಗೊತ್ತಾಗಿತ್ತು. ಆದರೆ ಇಂದು ಬೆಳಿಗ್ಗೆ ನಾನು ಅಂಗಡಿಯಲ್ಲಿ ಮೊಟ್ಟೆ ರೊಟ್ಟಿ ಬೇಯಿಸುತ್ತಿದ್ದಾಗ ಅತ್ತೆ, ಮಗಳು, ಯೂ-ಛಂಗ್ ಮೂವರೂ ನನಗೆ ಹೇಳದೆ ಹೊರಟಿದ್ದಾರೆ. ಮೂವರ ಫೋನೂ ಆಫ್ ಆಗಿದೆ. ಒಲೆ ಆರಿಸಿ ಮನೆಗೆ ಹೋಗಿ ನೋಡಿದರೆ ಡೈವಿಂಗ್ ಉಡುಪೂ ಇಲ್ಲ. ಅಲ್ಲಿಂದ ನೇರ ಠಾಣೆಗೆ ಬಂದಿರುತ್ತೇನೆ.

ತಾವು, "ಟ್ರಿಪ್ ಹೋಗೋದು ಅಪರಾಧ ಅಲ್ಲಮ್ಮ, ದೆವ್ವದ ಮೇಲೆ ಕೇಸ್ ಹಾಕೋಕಾಗಲ್ಲ" ಎಂದಿರಿ. ನನ್ನ ದೂರು ದೆವ್ವದ ಮೇಲಲ್ಲ. ನನ್ನ ಗಂಡ ಆ ನೀರಲ್ಲಿ ಇನ್ನೂ ಇರುವುದೇ ನಿಜವಾದರೆ ನನಗೆ ಭಯವಿಲ್ಲ, ಅವರು ಹುಡುಗನನ್ನು ಮೇಲಕ್ಕೇ ತಳ್ಳುತ್ತಾರೆ. ಹೆತ್ತ ತಾಯಿಗೆ ಮಗನ ಗುಣ ಮರೆತುಹೋಗಿದೆ, ನನಗೆ ಮರೆತಿಲ್ಲ. ನನಗೆ ಭಯವಿರುವುದು ಪಕ್ಕದಲ್ಲಿ ಬದುಕಿದ್ದೂ ಕೈ ಚಾಚದವನದ್ದು. ಆದ್ದರಿಂದ ಮಿಂಗ್-ಫಾ ನೀರಿಗಿಳಿಯದಂತೆ ಈಗಲೇ ಕೆಂಟಿಂಗ್ ಠಾಣೆಗೆ ಫೋನ್ ಮಾಡಬೇಕೆಂದು ಬೇಡಿಕೊಳ್ಳುತ್ತೇನೆ.

ನಾನು ಹೇಳಿದಂತೆಯೇ ಬರೆಯಲಾಗಿದೆ, ಓದಿ ಹೇಳಿದ್ದನ್ನು ಕೇಳಿದ್ದೇನೆ, ಎಲ್ಲವೂ ನಿಜ.

ಸ್ಥಳ: ಕಾವ್‌ಶ್ಯುಂಗ್
ದಿನಾಂಕ: ಚಾಂದ್ರಮಾನದ ಏಳನೇ ತಿಂಗಳ ಹದಿಮೂರು, ಬೆಳಿಗ್ಗೆ 10-40
(ಸಹಿ) ತ್ಸಾಯ್ ಯುವೆ-ಶ್ಯಾ, ಹುಂಗ್ ಮಿಂಗ್-ತ್ಸುನ್ ಅವರ ಹೆಂಡತಿ