ಮೂರು ಸಲ ಕೂಗುವ ಹೆಸರು

ಕೋರ್ಟಿನ ವರಾಂಡದ ಬೆಂಚಿನಲ್ಲಿ ನನ್ನ ಪಕ್ಕ ಅತ್ತೆ ಸೊಸೆ ಇಬ್ಬರು ಕೂತಿದ್ದರು. ನನ್ನ ಕೇಸು ಬೇರೆ, ಕಿವಿ ಮಾತ್ರ ಅವರ ಕಡೆಗೇ ಇತ್ತು.

“ಜಡ್ಜ್ ಕೇಳಿದ್ರೆ ಏನಂತೀರಿ ಅತ್ತೆ?”

“ಏಳು ವರ್ಷದಿಂದ ಮಗನ ಸುದ್ದೀನೇ ಇಲ್ಲ ಅಂತೀನಿ.”

“ಅಷ್ಟು ಸಾಕು. ಸತ್ತಿದಾರೆ ಅಂತ ನೀವು ಹೇಳೋದು ಬೇಡ, ಕೋರ್ಟೇ ಘೋಷಣೆ ಮಾಡುತ್ತೆ. ಆ ಕಾಗದ ಇದ್ರೇನೇ ನೀರಿನ ಆಫೀಸಲ್ಲಿ ಅವರ ಕೆಲಸ ನಂಗೆ ಕೊಡೋದು. ಇನ್ನೆರಡು ತಿಂಗಳಿಗೆ ನನ್ನ ವಯಸ್ಸು ಮೀರುತ್ತೆ.”

“ಒಂದು ಮಾತು ಹೇಳ್ತೀನಿ, ಬೈಬೇಡ.”

“ಏನು?”

“ಹೋದ ತಿಂಗಳು ಜನಗಣತಿಯವರು ಬಂದಿದ್ರು. ಮನೇಲಿ ಎಷ್ಟು ಜನ ಅಂತ ಕೇಳಿದ್ರು. ಮೂರು ಅಂದುಬಿಟ್ಟೆ. ನಾನು, ನೀನು, ಅವನು.”

ಸೊಸೆ ಹಣೆ ಹಿಡಿದುಕೊಂಡಳು.

“ಬರಕೊಂಡ್ರಾ?”

“ಹೆಸರು, ವಯಸ್ಸು, ಎಲ್ಲಾ. ಬಾಯಿಗೆ ಅದೇ ಬಂತು ಕಣೆ.”

“ಇಷ್ಟು ವರ್ಷ ಅಲೆದಿದ್ದೆಲ್ಲ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತು.”

“ಒಳಗೆ ಬಾಯಿ ತಪ್ಪಲ್ಲ, ಬಿಡು.”

“ಮೊದಲು ಬಾಗಿಲಲ್ಲಿ ಅವರ ಹೆಸರು ಮೂರು ಸಲ ಕೂಗ್ತಾರಂತೆ. ಯಾರೂ ಬರದಿದ್ರೆ ನಮ್ಮನ್ನ ಕರೀತಾರೆ. ಅಲ್ಲೀವರೆಗೆ ಸುಮ್ಮನಿರಿ.”

“ಇರ್ತೀನಮ್ಮ.”

ಜವಾನ ಬಾಗಿಲಿಗೆ ಬಂದು ಹೆಸರು ಕೂಗಿದ. ಕೈಲಿದ್ದ ಪಟ್ಟಿ ನೋಡಿಕೊಂಡೇ ಇನ್ನೊಂದು ಸಲ ಕೂಗಿದ.

“ಸ್ವಲ್ಪ ಜೋರಾಗಿ ಕೂಗಪ್ಪ,” ಅಂದರು ಅತ್ತೆ. “ಅವನಿಗೆ ಎಡಗಿವಿ ಮಂದ.”

ಸೊಸೆ ಅವರನ್ನು ತಡೆಯಲಿಲ್ಲ. ಮೂರನೇ ಕೂಗಿಗೆ ಇಬ್ಬರೂ ಮೆಟ್ಟಿಲ ಕಡೆ ತಿರುಗಿ ನೋಡಿದರು. ಆಮೇಲೆ ಒಳಗೆ ಹೋದರು.