ಬಾಗಿಲಲ್ಲೇ ಕೇಳಿದ ಹಾಡು

ಹುಣಸೂರಿನಲ್ಲಿ ಪಿರಿಯಾಪಟ್ಟಣದ ಬಸ್ಸಿಗೆ ಕಾದಿದ್ದ ಚೆಲುವಮ್ಮನೆಂಬ ಹೆಂಗಸಿನ ಪಕ್ಕದಲ್ಲೇ, ಮೈಸೂರಿನ ಕಾಲೇಜಿನಲ್ಲಿ ಸಂಗೀತ ಓದುವ ಹುಡುಗಿಯೊಬ್ಬಳು ತನ್ನಪ್ಪನನ್ನು ಕೇಳುತ್ತಿದ್ದಳು.

“ಕಾಲೇಜಲ್ಲಿ ನಾ ಹಾಡ್ದಾಗ ಬಂದಿದ್ಯಂತಲ್ಲಪ್ಪ, ಯಾಕೆ ಕಾಣಿಸ್ಕಳ್ಳಿಲ್ಲ?”

“ಬಾಗ್ಲಲ್ಲೇ ನಿಂತು ಕೇಳ್ದೆ ಕಣವ್ವ. ಎಲ್ರೂ ಚಪ್ಪಾಳೆ ತಟ್ಟುದ್ರು. ಅಂಥೋರ ಮಧ್ಯೆ ಈ ಕಂಬಳಿ ಒದ್ಕಂಡು ಎಂಗ್ ಬರ್ಲಿ? ನಿಂಗ್ಯಾಕೆ ಅವಮಾನ ಅಂತ ಬಂದ್ಬುಟ್ಟೆ.”

“ಚಪ್ಪಾಳೆ ತಟ್ಟಿ ಎಲ್ರೂ ಹೊಂಟೋದ್ರು. ಯಾರೂ ಮಾತಾಡಿಸ್ನಿಲ್ಲ. ತಂಬೂರಿ ಎತ್ಕಂಡು ಹಾಸ್ಟೆಲ್‌ಗೆ ಒಬ್ಳೇ ನಡ್ಕಂಡು ಬಂದೆ.”

ಅಪ್ಪ ಮಗಳ ಪಕ್ಕದಲ್ಲಿದ್ದ ತಂಬೂರಿಯನ್ನು ಎತ್ತಿ ತನ್ನ ಹೆಗಲಿಗೇರಿಸಿಕೊಂಡ.

“ಮುಂದ್ಲ ಸಲ ಒಳೀಕ್ ಬತ್ತೀನಿ ಬುಡು.”

“ಇದೇ ಕೊನೇ ವರ್ಷ ಕಣಪ್ಪ. ಇನ್ನು ಅಲ್ಲಿ ಹಾಡೋದಿಲ್ಲ.”

ಪೆಟ್ರೋಲು ಸಿಗದ ಆ ಯುದ್ಧಕಾಲದಲ್ಲಿ ಇದ್ದಿಲು ಉರಿಸಿ ಓಡಿಸುತ್ತಿದ್ದ, ಮೈಸೂರಿಗೆ ಹೋಗುವ ಬಸ್ಸು ಬಂತು. ಅಪ್ಪ ಮಗಳನ್ನು ಹತ್ತಿಸಿ, ತಂಬೂರಿಯನ್ನು ಅವಳ ಕೈಗೆ ಕೊಟ್ಟು, ಊರಿನ ದಾರಿ ಹಿಡಿದ.